ಬಡ್ಡಿ ಹಾಲಿ

ಬಡ್ಡಿ ಹಾಲಿ (ಪೂರ್ಣ ಹೆಸರು: ಚಾರ್ಲ್ಸ್ ಹಾರ್ಡಿನ್ ಹಾಲಿ, ಸೆಪ್ಟೆಂಬರ್ 7, 1936 – ಫೆಬ್ರವರಿ 3, 1959) ಅಮೆರಿಕದ ಗಾಯಕರು, ಗೀತರಚನಕಾರರು ಮತ್ತು ಗಿಟಾರ್ ವಾದಕರು. ರಾಕ್ ಅಂಡ್ ರೋಲ್ ಸಂಗೀತಕ್ಕೆ ಅದರ ಆರಂಭದ ದಿನಗಳಲ್ಲಿ ರೂಪ ಕೊಟ್ಟವರಲ್ಲಿ ಇವರೂ ಒಬ್ಬರು. 'ಕ್ರಿಕೆಟ್ಸ್' ಎಂಬ ತಂಡದ ಮುಖ್ಯಸ್ಥರಾಗಿದ್ದ ಇವರ ಖ್ಯಾತಿಯ ಅವಧಿ ಸುಮಾರು ಹದಿನೆಂಟು ತಿಂಗಳು ಮಾತ್ರ. ಆ ಅವಧಿಯ ಬಹುಭಾಗವನ್ನು ಅವರು ಊರಿಂದ ಊರಿಗೆ ಸಾಗುವ ಸಂಗೀತ ಪ್ರವಾಸಗಳಲ್ಲಿಯೇ ಕಳೆದರು. ಅಂತಹ ಒಂದು ಪ್ರವಾಸದ ನಡುವೆ, ತಮ್ಮ 22ನೆಯ ವಯಸ್ಸಿನಲ್ಲಿ, ಅಯೋವಾ ರಾಜ್ಯದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಮೃತರಾದರು.

ಜನನ ಮತ್ತು ಬಾಲ್ಯ

ಬಡ್ಡಿ ಹಾಲಿಯವರು ಟೆಕ್ಸಾಸ್ ರಾಜ್ಯದ ಲಬಕ್ ನಗರದಲ್ಲಿ ಜನಿಸಿದರು. ತಂದೆ ಲಾರೆನ್ಸ್ ಓಡೆಲ್ ಹಾಲಿ, ತಾಯಿ ಎಲ್ಲಾ ಪಾಲಿನ್ ಡ್ರೇಕ್. ನಾಲ್ವರು ಮಕ್ಕಳಲ್ಲಿ ಇವರೇ ಕಿರಿಯರು. ಲ್ಯಾರಿ ಮತ್ತು ಟ್ರಾವಿಸ್ ಅಣ್ಣಂದಿರು, ಪೆಟ್ರೀಷಿಯಾ ಅಕ್ಕ. 'ಬಡ್ಡಿ' ಎಂಬುದು ಮನೆಯವರು ಎಳವೆಯಲ್ಲಿಯೇ ಇಟ್ಟ ಅಕ್ಕರೆಯ ಹೆಸರು. ಅದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ತಂದೆ ಕುಟುಂಬದ ನಿರ್ವಹಣೆಗಾಗಿ ಹಲವು ಬಗೆಯ ಕೆಲಸಗಳನ್ನು ಮಾಡುತ್ತಿದ್ದರು. ಕುಟುಂಬವು ಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ್ದು, ಮನೆಯಲ್ಲಿ ಸಂಗೀತದ ವಾತಾವರಣವಿತ್ತು.

ಐದನೆಯ ವಯಸ್ಸಿನಲ್ಲಿ ಹಾಲಿಯವರು ಅಣ್ಣಂದಿರೊಂದಿಗೆ ಒಂದು ಪ್ರತಿಭಾ ಸ್ಪರ್ಧೆಯಲ್ಲಿ ಭಾಗವಹಿಸಿದರು. ಬಾಲಕನಿಗೆ ಪಿಟೀಲು ನುಡಿಸಲು ಬರುತ್ತಿರಲಿಲ್ಲವಾದ್ದರಿಂದ, ಸದ್ದು ಹೊರಡದಂತೆ ಕಮಾನಿಗೆ ಜಿಡ್ಡು ಸವರಿ ವಾದ್ಯವನ್ನು ಕೈಗೆ ಕೊಟ್ಟಿದ್ದರು. ಆದರೂ ಹಾಡಿಗೆ ಐದು ಡಾಲರ್ ಬಹುಮಾನ ಬಂದಿತು. ಮುಂದೆ ಸ್ವಲ್ಪ ಕಾಲ ಪಿಯಾನೊ ಕಲಿತು, ಆನಂತರ ಗಿಟಾರಿನತ್ತ ತಿರುಗಿದರು. ಅದರ ಮೊದಲ ಪಾಠಗಳನ್ನು ಹೇಳಿಕೊಟ್ಟವರು ಅಣ್ಣ ಟ್ರಾವಿಸ್.

ಆ ಕಾಲದ ಲಬಕ್‌ನಲ್ಲಿ ಬಿಳಿಯರ ಮತ್ತು ಕಪ್ಪು ಜನರ ವಸತಿಗಳೂ ಶಾಲೆಗಳೂ ಬೇರೆಬೇರೆಯಾಗಿದ್ದವು. ಆದರೆ ರೇಡಿಯೋ ತರಂಗಗಳಿಗೆ ಆ ಗಡಿ ಇರಲಿಲ್ಲ. ಹಗಲಿನಲ್ಲಿ ಬಿಳಿಯರ ಕಂಟ್ರಿ ಸಂಗೀತವನ್ನೂ, ತಡರಾತ್ರಿಯಲ್ಲಿ ದೂರದ ಕೇಂದ್ರಗಳಿಂದ ಕಪ್ಪು ಕಲಾವಿದರ ರಿದಮ್ ಅಂಡ್ ಬ್ಲೂಸ್ ಸಂಗೀತವನ್ನೂ ಕೇಳುತ್ತ ಹಾಲಿಯವರು ಬೆಳೆದರು. ಇವೆರಡರ ಬೆರಕೆಯೇ ಮುಂದೆ ಅವರ ಸಂಗೀತದ ಲಕ್ಷಣವಾಯಿತು.

ಸಂಗೀತ ಜೀವನದ ಆರಂಭ

ಪ್ರೌಢಶಾಲೆಯ ದಿನಗಳಲ್ಲಿ ಹಾಲಿಯವರು ಗೆಳೆಯ ಜ್ಯಾಕ್ ನೀಲ್ ಅವರೊಂದಿಗೆ, ಅನಂತರ ಬಾಬ್ ಮಾಂಟ್ಗಮರಿ ಅವರೊಂದಿಗೆ ಜೋಡಿಯಾಗಿ ಹಾಡುತ್ತಿದ್ದರು. 1953ರಿಂದ ಲಬಕ್‌ನ ಕೆಡಿಎವಿ ರೇಡಿಯೋ ಕೇಂದ್ರದಲ್ಲಿ ಅವರ ಹಾಡುಗಳು ಪ್ರಸಾರವಾಗತೊಡಗಿದವು. 1955ರ ಫೆಬ್ರವರಿಯಲ್ಲಿ ಎಲ್ವಿಸ್ ಪ್ರೀಸ್ಲಿ ಲಬಕ್‌ಗೆ ಬಂದಾಗ, ಅದೇ ವೇದಿಕೆಯಲ್ಲಿ ಅವರಿಗಿಂತ ಮೊದಲು ಹಾಡುವ ಅವಕಾಶ ಹಾಲಿಯವರ ತಂಡಕ್ಕೆ ಸಿಕ್ಕಿತು. ಪ್ರೀಸ್ಲಿ ಅವರನ್ನು ಕಂಡ ಬಳಿಕ ಹಾಲಿಯವರು ಕಂಟ್ರಿ ಶೈಲಿಯಿಂದ ರಾಕ್ ಅಂಡ್ ರೋಲ್ ಕಡೆಗೆ ಹೊರಳಿದರು.

ಅದೇ ವರ್ಷ ಪ್ರೌಢಶಾಲಾ ಶಿಕ್ಷಣ ಮುಗಿಯಿತು. ಅಣ್ಣ ಲ್ಯಾರಿಯವರ ಜೊತೆ ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ ಮಾಡುತ್ತಲೇ ಸಂಗೀತವನ್ನು ವೃತ್ತಿಯಾಗಿಸಿಕೊಳ್ಳಲು ನಿಶ್ಚಯಿಸಿದರು. ಅಣ್ಣನಿಂದಲೇ ಸಾಲ ಪಡೆದು ವೇದಿಕೆಯ ಉಡುಪು ಮತ್ತು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಎಂಬ ವಿದ್ಯುತ್ ಗಿಟಾರನ್ನು ಕೊಂಡರು. ಆಗ ಮಾರುಕಟ್ಟೆಗೆ ಹೊಸದಾಗಿ ಬಂದಿದ್ದ ಈ ವಾದ್ಯ ಜನಪ್ರಿಯವಾದುದರಲ್ಲಿ ಹಾಲಿಯವರ ಪಾಲು ದೊಡ್ಡದು.

ನ್ಯಾಶ್‌ವಿಲ್ ಮತ್ತು ಕ್ಲೋವಿಸ್

1956ರಲ್ಲಿ ಡೆಕ್ಕಾ ಗ್ರಾಮಫೋನ್ ಸಂಸ್ಥೆ ಹಾಲಿಯವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಪತ್ರದಲ್ಲಿ ಅವರ ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರ ತಪ್ಪಿಹೋಗಿತ್ತು. ಹಾಲಿಯವರು ಆ ತಪ್ಪನ್ನೇ ತಮ್ಮ ವೃತ್ತಿನಾಮವಾಗಿ ಇರಿಸಿಕೊಂಡರು. ನ್ಯಾಶ್‌ವಿಲ್‌ನಲ್ಲಿ ನಡೆದ ಧ್ವನಿಮುದ್ರಣಗಳಲ್ಲಿ ಅವರ ಇಷ್ಟಕ್ಕೆ ಹೆಚ್ಚಿನ ಬೆಲೆ ಸಿಗಲಿಲ್ಲ. ಹೊರಬಂದ ಹಾಡುಗಳು ಯಶಸ್ವಿಯಾಗಲಿಲ್ಲ. ಸಂಸ್ಥೆಯು ಒಪ್ಪಂದವನ್ನು ನವೀಕರಿಸಲಿಲ್ಲ.

ಆಗ ಅವರು ಲಬಕ್‌ನಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಎಂಬ ಊರಿನಲ್ಲಿದ್ದ ನಾರ್ಮನ್ ಪೆಟ್ಟಿ ಅವರ ಧ್ವನಿಮುದ್ರಣ ಕೇಂದ್ರಕ್ಕೆ ಹೋದರು. ಪೆಟ್ಟಿಯವರು ಗಂಟೆಯ ಲೆಕ್ಕದಲ್ಲಿ ಅಲ್ಲದೆ ಹಾಡಿನ ಲೆಕ್ಕದಲ್ಲಿ ಶುಲ್ಕ ಪಡೆಯುತ್ತಿದ್ದರು. ಇದರಿಂದ ಕಾಲದ ಒತ್ತಡವಿಲ್ಲದೆ ಪ್ರಯೋಗ ಮಾಡುವುದು ಸಾಧ್ಯವಾಯಿತು. 1957ರ ಫೆಬ್ರವರಿ 25ರಂದು ಅಲ್ಲಿ 'ದಟ್ಲ್ ಬಿ ದ ಡೇ' ಎಂಬ ಹಾಡು ಮುದ್ರಣಗೊಂಡಿತು. ಈ ಹಾಡನ್ನು ಮೊದಲೇ ಡೆಕ್ಕಾ ಸಂಸ್ಥೆಗಾಗಿ ಹಾಡಿದ್ದರಿಂದ, ಒಪ್ಪಂದದ ನಿಬಂಧನೆಯಂತೆ ಸ್ವಂತ ಹೆಸರಿನಲ್ಲಿ ಮತ್ತೆ ಬಿಡುಗಡೆ ಮಾಡುವಂತಿರಲಿಲ್ಲ. ಹೀಗಾಗಿ 'ಕ್ರಿಕೆಟ್ಸ್' ಎಂಬ ತಂಡದ ಹೆಸರಿನಲ್ಲಿ ಅದು ಮೇ 1957ರಲ್ಲಿ ಹೊರಬಂದಿತು. ತಂಡದಲ್ಲಿ ಜೆರ್ರಿ ಅಲಿಸನ್ ಡ್ರಮ್ಸ್, ಜೋ ಬಿ. ಮಾಲ್ಡಿನ್ ಬಾಸ್, ನಿಕಿ ಸಲಿವನ್ ಎರಡನೆಯ ಗಿಟಾರ್ ನುಡಿಸುತ್ತಿದ್ದರು.

ಸೆಪ್ಟೆಂಬರ್ ವೇಳೆಗೆ ಆ ಹಾಡು ಅಮೆರಿಕದಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಅದೇ ಸ್ಥಾನ ಗಳಿಸಿತು. ಬೆನ್ನಿಗೇ ಬಂದ 'ಪೆಗ್ಗಿ ಸೂ' ಕೂಡ ಜನಪ್ರಿಯವಾಯಿತು. ಪೆಟ್ಟಿಯವರು ತಂಡದ ವ್ಯವಸ್ಥಾಪಕರೂ ಆದರು. ಹಲವು ಹಾಡುಗಳಿಗೆ ಸಹಕರ್ತೃವಾಗಿ ಅವರ ಹೆಸರೂ ಸೇರಿತು. ತಂಡದ ಹಣಕಾಸು ಅವರ ಕೈಯಲ್ಲಿಯೇ ಇತ್ತು. ಈ ವ್ಯವಸ್ಥೆ ಮುಂದೆ ಹಾಲಿಯವರ ಬದುಕಿನ ಮೇಲೆ ಗಂಭೀರ ಪರಿಣಾಮ ಬೀರಿತು.

1957ರ ಪ್ರವಾಸಗಳು

ಆ ಕಾಲದಲ್ಲಿ ರಾಕ್ ಅಂಡ್ ರೋಲ್ ಪ್ರವಾಸಗಳು ಬಹುಮಟ್ಟಿಗೆ ಕೂಡು ಪ್ರದರ್ಶನಗಳಾಗಿದ್ದವು. ಒಬ್ಬ ಸಂಘಟಕ ಹತ್ತಾರು ಕಲಾವಿದರನ್ನು ಒಂದುಗೂಡಿಸಿ, ಬಸ್ಸಿನಲ್ಲಿ ಕೂರಿಸಿ, ದಿನಕ್ಕೊಂದು ಊರಿನಂತೆ ಕರೆದೊಯ್ಯುತ್ತಿದ್ದ. ಪ್ರತಿಯೊಬ್ಬರೂ ಕೆಲವೇ ಹಾಡುಗಳನ್ನು ಹಾಡಿ ವೇದಿಕೆ ಬಿಡಬೇಕಾಗಿತ್ತು. ಪ್ರದರ್ಶನ ಮುಗಿದೊಡನೆ ರಾತ್ರಿಯೇ ಮುಂದಿನ ಮೊಕ್ಕಾಮಿಗೆ ಪಯಣ. ನಿದ್ರೆ ಬಹಳ ವೇಳೆ ಬಸ್ಸಿನ ಆಸನದಲ್ಲಿಯೇ ಆಗುತ್ತಿತ್ತು. ಗ್ರಾಮಫೋನ್ ತಟ್ಟೆಗಳ ಗೌರವಧನ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದುದರಿಂದ, ಕಲಾವಿದನಿಗೆ ಕೂಡಲೇ ನಗದು ಸಿಗುತ್ತಿದ್ದ ಮುಖ್ಯ ಮಾರ್ಗವೆಂದರೆ ಪ್ರವಾಸವೇ ಆಗಿತ್ತು.

1957ರ ಆಗಸ್ಟ್‌ನಲ್ಲಿ ಕ್ರಿಕೆಟ್ಸ್ ತಂಡವು ವಾಷಿಂಗ್ಟನ್, ಬಾಲ್ಟಿಮೋರ್ ಮತ್ತು ನ್ಯೂಯಾರ್ಕಿನ ಅಪೊಲೊ ರಂಗಮಂದಿರಗಳಲ್ಲಿ ಹಾಡಿತು. ಇವು ಮುಖ್ಯವಾಗಿ ಕಪ್ಪು ಪ್ರೇಕ್ಷಕರು ಸೇರುತ್ತಿದ್ದ ಸ್ಥಳಗಳು. ಆರಂಭದಲ್ಲಿ ಅಪೊಲೊ ಪ್ರೇಕ್ಷಕರ ಪ್ರತಿಕ್ರಿಯೆ ನೀರಸವಾಗಿದ್ದು, ಬರಬರುತ್ತ ಅವರು ತಂಡವನ್ನು ಮೆಚ್ಚಿಕೊಂಡರೆಂದು ಸದಸ್ಯರು ನೆನಪಿಸಿಕೊಂಡಿದ್ದಾರೆ.

ಸೆಪ್ಟೆಂಬರ್ 6ರಿಂದ ನವೆಂಬರ್ 24ರವರೆಗೆ, ಎಂಬತ್ತು ದಿನಗಳ ಕಾಲ, 'ದ ಬಿಗ್ಗೆಸ್ಟ್ ಶೋ ಆಫ್ ಸ್ಟಾರ್ಸ್' ಎಂಬ ಪ್ರವಾಸ ನಡೆಯಿತು. ಫ್ಯಾಟ್ಸ್ ಡಾಮಿನೊ, ಚಕ್ ಬೆರಿ, ಲವರ್ನ್ ಬೇಕರ್, ಎವರ್ಲಿ ಸಹೋದರರು, ಪಾಲ್ ಆಂಕಾ ಮೊದಲಾದವರು ಅದರಲ್ಲಿದ್ದರು. ಕಪ್ಪು ಮತ್ತು ಬಿಳಿಯ ಕಲಾವಿದರು ಒಟ್ಟಿಗೆ ಪಯಣಿಸಿದ ಈ ಪ್ರವಾಸವು ದಕ್ಷಿಣದ ರಾಜ್ಯಗಳನ್ನು ತಲುಪಿದಾಗ ವರ್ಣಭೇದದ ಕಾಯಿದೆಗಳು ಅಡ್ಡಬಂದವು. ಇಬ್ಬರೂ ಒಂದೇ ವೇದಿಕೆಯನ್ನು ಹಂಚಿಕೊಳ್ಳುವುದು ಕೆಲವು ನಗರಗಳಲ್ಲಿ ನಿಷಿದ್ಧವಾಗಿತ್ತು. ಆ ಊರುಗಳ ಪ್ರದರ್ಶನಗಳಿಂದ ಕ್ರಿಕೆಟ್ಸ್ ಸೇರಿದಂತೆ ಬಿಳಿಯ ಕಲಾವಿದರು ಹೊರಗುಳಿಯಬೇಕಾಯಿತು.

ಪ್ರವಾಸ ಮುಗಿದ ಕೂಡಲೇ, ಡಿಸೆಂಬರ್ 1ರಂದು ತಂಡವು ಎಡ್ ಸಲಿವನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿತು. ಎಡೆಬಿಡದ ಪಯಣದಿಂದ ಬಳಲಿದ್ದ ನಿಕಿ ಸಲಿವನ್ ಅದೇ ತಿಂಗಳು ತಂಡವನ್ನು ಬಿಟ್ಟರು. ಉಳಿದವರು ಮೂವರೇ ಮುಂದುವರಿದರು.

ಆಸ್ಟ್ರೇಲಿಯಾ ಮತ್ತು ಬ್ರಿಟನ್

1958ರ ಆರಂಭದಲ್ಲಿ ತಂಡವು ಜೆರ್ರಿ ಲೀ ಲೂಯಿಸ್ ಮತ್ತು ಪಾಲ್ ಆಂಕಾ ಅವರೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಿ ಬಂದಿತು. ಮಾರ್ಚ್ 1ರಿಂದ 25ರವರೆಗೆ ಬ್ರಿಟನ್ ಪ್ರವಾಸ. ಲಂಡನ್ನಿನ ಟ್ರೊಕಾಡೆರೊ ರಂಗಮಂದಿರದಲ್ಲಿ ಆರಂಭಗೊಂಡ ಈ ಪ್ರವಾಸದಲ್ಲಿ ದಿನಕ್ಕೆರಡು ಪ್ರದರ್ಶನಗಳು, ಒಂದು ದಿನವೂ ಬಿಡುವಿಲ್ಲ.

ಈ ಇಪ್ಪತ್ತೈದು ದಿನಗಳ ಪರಿಣಾಮ ಬಹುಕಾಲ ಉಳಿಯಿತು. ಕಪ್ಪು ದಪ್ಪ ಚೌಕಟ್ಟಿನ ಕನ್ನಡಕ ಧರಿಸಿ, ತಾವೇ ಬರೆದ ಹಾಡುಗಳನ್ನು ತಾವೇ ಗಿಟಾರ್ ನುಡಿಸುತ್ತ ಹಾಡುತ್ತಿದ್ದ ಈ ಯುವಕ ಬ್ರಿಟಿಷ್ ಹುಡುಗರಿಗೆ ಹೊಸ ಮಾದರಿಯಾದರು. ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಕಟ್ಟಿದ ಮಿಕ್ ಜ್ಯಾಗರ್ ಅವರು ವುಲಿಚ್‌ನಲ್ಲಿ ನಡೆದ ಪ್ರದರ್ಶನವನ್ನು ನೋಡಿದ್ದರು. ಲಿವರ್‌ಪೂಲ್‌ನ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಅವರು ದೂರದರ್ಶನದಲ್ಲಿ ಹಾಲಿಯವರನ್ನು ಕಂಡರು.

ಅಮೆರಿಕಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಅಲನ್ ಫ್ರೀಡ್ ಅವರು ಸಂಘಟಿಸಿದ ಇನ್ನೊಂದು ಪ್ರವಾಸ ಆರಂಭವಾಯಿತು. ಮೇ 3ರಂದು ಬಾಸ್ಟನ್‌ನಲ್ಲಿ ಪ್ರೇಕ್ಷಕರ ಗಲಭೆ ಉಂಟಾಗಿ, ಮುಂದಿನ ಹಲವು ಪ್ರದರ್ಶನಗಳು ರದ್ದಾದವು.

ವಿವಾಹ ಮತ್ತು ಹಣದ ಬಿಕ್ಕಟ್ಟು

1958ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಂಗೀತ ಪ್ರಕಾಶನ ಸಂಸ್ಥೆಯೊಂದರಲ್ಲಿ ಸ್ವಾಗತಕಾರಿಣಿಯಾಗಿದ್ದ, ಪೋರ್ಟೊ ರಿಕೊ ಮೂಲದ ಮರಿಯಾ ಎಲೆನಾ ಸ್ಯಾಂಟಿಯಾಗೊ ಅವರ ಪರಿಚಯವಾಯಿತು. ಮೊದಲ ಸಲ ಜೊತೆಯಾಗಿ ಊಟಕ್ಕೆ ಹೋದಾಗಲೇ ಹಾಲಿಯವರು ಮದುವೆಯ ಪ್ರಸ್ತಾಪ ಮಾಡಿದರು. ಆಗಸ್ಟ್ 15ರಂದು ಲಬಕ್‌ನಲ್ಲಿ ವಿವಾಹ ನೆರವೇರಿತು. ದಂಪತಿಗಳು ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ ನೆಲೆಸಿದರು.

ಅಕ್ಟೋಬರಿನಲ್ಲಿ ತಂತಿವಾದ್ಯಗಳ ದೊಡ್ಡ ಮೇಳದೊಂದಿಗೆ ಹಾಲಿಯವರು ನಾಲ್ಕು ಹಾಡುಗಳನ್ನು ಮುದ್ರಿಸಿದರು. ರಾಕ್ ಅಂಡ್ ರೋಲ್ ಗಾಯಕನೊಬ್ಬ ಇಂತಹ ಪ್ರಯೋಗಕ್ಕೆ ಕೈಹಾಕುವುದು ಅಂದು ಅಪರೂಪ. ಆದರೆ ಅದೇ ವೇಳೆಗೆ ಪೆಟ್ಟಿಯವರೊಂದಿಗಿನ ಸಂಬಂಧ ಮುರಿದುಬಿದ್ದಿತ್ತು. ಅಲಿಸನ್ ಮತ್ತು ಮಾಲ್ಡಿನ್ ಪೆಟ್ಟಿಯವರ ಜೊತೆಗೇ ಉಳಿದರು. ಹಾಡುಗಳಿಂದ ಬಂದ ಹಣ ಪೆಟ್ಟಿಯವರ ಅಧೀನದಲ್ಲಿದ್ದು, ಲೆಕ್ಕ ಇತ್ಯರ್ಥವಾಗುವವರೆಗೆ ಹಾಲಿಯವರಿಗೆ ದೊರೆಯುವಂತಿರಲಿಲ್ಲ. ಎರಡು ದೇಶಗಳ ಪಟ್ಟಿಗಳಲ್ಲಿ ಮೊದಲ ಸ್ಥಾನ ಕಂಡಿದ್ದ ಗಾಯಕ ಮನೆಯ ಖರ್ಚಿಗೆ ಪರದಾಡುವ ಸ್ಥಿತಿ ಬಂದಿತು. ಪತ್ನಿ ಗರ್ಭಿಣಿಯಾಗಿದ್ದರು.

ಆ ಚಳಿಗಾಲದಲ್ಲಿ ಹಾಲಿಯವರು ತಮ್ಮ ಮನೆಯಲ್ಲಿಯೇ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಕೇವಲ ಗಿಟಾರಿನೊಂದಿಗೆ ಹಲವು ಹೊಸ ಹಾಡುಗಳನ್ನು ಮುದ್ರಿಸಿದರು. ಅವೇ ಅವರ ಕೊನೆಯ ಧ್ವನಿಮುದ್ರಣಗಳಾದವು. ಪ್ರವಾಸಗಳಿಂದ ಬೇಸತ್ತಿದ್ದರೂ, ಜನರಲ್ ಆರ್ಟಿಸ್ಟ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ ಏರ್ಪಡಿಸಿದ ಮತ್ತೊಂದು ಪ್ರವಾಸಕ್ಕೆ ಅವರು ಒಪ್ಪಿಕೊಂಡರು. ಕಾರಣ ಹಣದ ಅಗತ್ಯ.

ವಿಂಟರ್ ಡ್ಯಾನ್ಸ್ ಪಾರ್ಟಿ

'ವಿಂಟರ್ ಡ್ಯಾನ್ಸ್ ಪಾರ್ಟಿ' ಎಂಬ ಈ ಪ್ರವಾಸವು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ 24 ದಿನಗಳಲ್ಲಿ 24 ಊರುಗಳನ್ನು ಮುಟ್ಟಬೇಕಾಗಿತ್ತು. ಹಾಲಿಯವರು ಹೊಸ ವಾದ್ಯಗಾರರನ್ನು ಕೂಡಿಸಿಕೊಂಡರು: ಗಿಟಾರಿಗೆ ಟಾಮಿ ಆಲ್ಸಪ್, ಡ್ರಮ್ಸ್‌ಗೆ ಕಾರ್ಲ್ ಬಂಚ್, ಬಾಸ್‌ಗೆ ಲಬಕ್‌ನ ರೇಡಿಯೋ ನಿರೂಪಕ ವೇಲನ್ ಜೆನಿಂಗ್ಸ್. ಜೆನಿಂಗ್ಸ್ ಅವರಿಗೆ ಬಾಸ್ ವಾದ್ಯದ ಪರಿಚಯವೇ ಇರಲಿಲ್ಲ. ಪ್ರವಾಸಕ್ಕಾಗಿಯೇ ಕೆಲವು ದಿನಗಳಲ್ಲಿ ಅದನ್ನು ಕಲಿತರು. 17 ವರ್ಷದ ರಿಚಿ ವಾಲೆನ್ಸ್, 'ಬಿಗ್ ಬಾಪರ್' ಎಂದು ಹೆಸರಾದ ಜೆ. ಪಿ. ರಿಚರ್ಡ್‌ಸನ್, ಡಿಯಾನ್ ಮತ್ತು ಬೆಲ್ಮಾಂಟ್ಸ್ ತಂಡ ಹಾಗೂ ಫ್ರ್ಯಾಂಕಿ ಸಾರ್ಡೊ ಇತರ ಕಲಾವಿದರು.

1959ರ ಜನವರಿ 23ರಂದು ಮಿಲ್ವಾಕಿಯಲ್ಲಿ ಪ್ರವಾಸ ಆರಂಭವಾಯಿತು. ಊರುಗಳ ಕ್ರಮವನ್ನು ದೂರದ ಲೆಕ್ಕವಿಟ್ಟು ನಿಗದಿಪಡಿಸಿರಲಿಲ್ಲ. ಸಭಾಂಗಣ ಯಾವ ದಿನ ಸಿಕ್ಕಿತೋ ಆ ದಿನ ಪ್ರದರ್ಶನ ಎಂಬಂತಿತ್ತು. ವಿಸ್ಕಾನ್ಸಿನ್‌ನಿಂದ ಮಿನೆಸೋಟಾಕ್ಕೆ, ಮತ್ತೆ ವಿಸ್ಕಾನ್ಸಿನ್‌ಗೆ, ಮರಳಿ ಮಿನೆಸೋಟಾಕ್ಕೆ, ಅಲ್ಲಿಂದ ಅಯೋವಾಕ್ಕೆ ಎಂದು ಹೋದ ದಾರಿಯಲ್ಲಿಯೇ ಹಿಂದೆಮುಂದೆ ಅಲೆಯಬೇಕಾಯಿತು. ಕೊಟ್ಟ ಬಸ್ಸುಗಳು ಹಳೆಯವು. ಅವುಗಳ ಬಿಸಿಗಾಳಿಯ ಯಂತ್ರಗಳು ಕೆಡುತ್ತಿದ್ದವು. ಒಂದು ಬಸ್ಸು ಕೆಟ್ಟರೆ ಅದರ ಬದಲಿಗೆ ಬಂದದ್ದೂ ಕೆಡುತ್ತಿತ್ತು. ವಾದ್ಯಗಳನ್ನು ಇಳಿಸಿ ಏರಿಸುವ ಕೆಲಸವೂ ಕಲಾವಿದರದೇ ಆಗಿತ್ತು.

ಜನವರಿ 31ರಂದು ಡುಲುತ್‌ನಲ್ಲಿ ನಡೆದ ಪ್ರದರ್ಶನವನ್ನು ನೋಡಿದವರಲ್ಲಿ, ಮುಂದೆ ಬಾಬ್ ಡಿಲನ್ ಎಂದು ಪ್ರಸಿದ್ಧರಾದ 17 ವರ್ಷದ ತರುಣರೂ ಇದ್ದರು. ಆ ರಾತ್ರಿ ಗ್ರೀನ್ ಬೇ ಕಡೆಗೆ ಹೊರಟ ಬಸ್ಸು ವಿಸ್ಕಾನ್ಸಿನ್‌ನ ಉತ್ತರದಂಚಿನ ಕಾಡುದಾರಿಯಲ್ಲಿ ಕೆಟ್ಟುನಿಂತಿತು. ಹೊರಗಿನ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಕಲಾವಿದರು ಬಸ್ಸಿನೊಳಗೆ ವೃತ್ತಪತ್ರಿಕೆಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. ನೆರವು ಬರುವ ವೇಳೆಗೆ ಡ್ರಮ್ಸ್ ವಾದಕ ಬಂಚ್ ಅವರ ಪಾದಗಳು ಹಿಮಗಡಿತಕ್ಕೆ ತುತ್ತಾಗಿದ್ದವು. ಅವರನ್ನು ಆಸ್ಪತ್ರೆಗೆ ಸೇರಿಸಿ, ಉಳಿದವರು ಮುಂದೆ ಸಾಗಿದರು. ಫೆಬ್ರವರಿ 1ರ ಮಧ್ಯಾಹ್ನದ ಪ್ರದರ್ಶನ ರದ್ದಾಯಿತಾದರೂ ಸಂಜೆ ಗ್ರೀನ್ ಬೇಯಲ್ಲಿ ಹಾಡಿದರು. ಅನಂತರದ ಪ್ರದರ್ಶನಗಳಲ್ಲಿ ಡ್ರಮ್ಸ್ ನುಡಿಸುವ ಕೆಲಸವನ್ನು ಗಾಯಕರೇ ಹಂಚಿಕೊಂಡರು.

ಫೆಬ್ರವರಿ 2 ಮೂಲತಃ ಬಿಡುವಿನ ದಿನವಾಗಿತ್ತು. ಅದನ್ನು ತುಂಬಲು ಅಯೋವಾದ ಕ್ಲಿಯರ್ ಲೇಕ್ ಎಂಬ ಊರಿನ ಸರ್ಫ್ ಬಾಲ್‌ರೂಮ್‌ನಲ್ಲಿ ಪ್ರದರ್ಶನವನ್ನು ಸೇರಿಸಲಾಯಿತು. ಗ್ರೀನ್ ಬೇಯಿಂದ ಸುಮಾರು 560 ಕಿಲೋಮೀಟರ್ ದೂರ ಪಯಣಿಸಿ ಕಲಾವಿದರು ಸಂಜೆ ಅಲ್ಲಿಗೆ ತಲುಪಿದರು.

ವಿಮಾನ ದುರಂತ

ಮುಂದಿನ ಪ್ರದರ್ಶನವಿದ್ದ ಮೂರ್‌ಹೆಡ್, ಕ್ಲಿಯರ್ ಲೇಕ್‌ನಿಂದ ಮತ್ತೆ ಸುಮಾರು 590 ಕಿಲೋಮೀಟರ್ ದೂರದಲ್ಲಿತ್ತು. ಇನ್ನೊಂದು ರಾತ್ರಿಯನ್ನು ಬಸ್ಸಿನಲ್ಲಿ ಕಳೆಯಲಾರದೆ ಹಾಲಿಯವರು ಸಮೀಪದ ಮೇಸನ್ ಸಿಟಿಯ ವಿಮಾನ ನಿಲ್ದಾಣದಿಂದ ಒಂದು ಸಣ್ಣ ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿದರು. ಬೇಗ ತಲುಪಿ, ಕೊಳೆಯಾದ ಬಟ್ಟೆಗಳನ್ನು ಒಗೆಸಿಕೊಂಡು, ಹಾಸಿಗೆಯಲ್ಲಿ ಒಂದಿಷ್ಟು ನಿದ್ರೆ ಮಾಡುವುದು ಅವರ ಉದ್ದೇಶ. ಬಾಡಿಗೆ ತಲಾ 36 ಡಾಲರ್.

ಪೈಲಟ್ ಅಲ್ಲದೆ ಮೂವರಿಗೆ ಮಾತ್ರ ಸ್ಥಳವಿತ್ತು. ಹಾಲಿಯವರ ಜೊತೆ ಹೋಗಬೇಕಾಗಿದ್ದವರು ಜೆನಿಂಗ್ಸ್ ಮತ್ತು ಆಲ್ಸಪ್. ಫ್ಲೂ ಜ್ವರದಿಂದ ಬಳಲುತ್ತಿದ್ದ ರಿಚರ್ಡ್‌ಸನ್ ಅವರಿಗೆ ಜೆನಿಂಗ್ಸ್ ತಮ್ಮ ಆಸನವನ್ನು ಬಿಟ್ಟುಕೊಟ್ಟರು. ಆಲ್ಸಪ್ ನಾಣ್ಯ ಚಿಮ್ಮಿ, ಸೋತು, ತಮ್ಮ ಆಸನವನ್ನು ವಾಲೆನ್ಸ್ ಅವರಿಗೆ ಕೊಟ್ಟರು. ಹೊರಡುವ ಮುನ್ನ ಹಾಲಿ ಮತ್ತು ಜೆನಿಂಗ್ಸ್ ಬಸ್ಸು ಹೆಪ್ಪುಗಟ್ಟುವ, ವಿಮಾನ ಬೀಳುವ ಮಾತನ್ನಾಡಿ ಪರಸ್ಪರ ತಮಾಷೆ ಮಾಡಿಕೊಂಡಿದ್ದರು. ತಾವು ಆಡಿದ ಆ ಮಾತು ಜೆನಿಂಗ್ಸ್ ಅವರನ್ನು ಬಹುಕಾಲ ಕಾಡಿತು.

ಫೆಬ್ರವರಿ 3ರ ನಸುಕಿನಲ್ಲಿ, ಒಂದು ಗಂಟೆಗೆ ಕೆಲವೇ ನಿಮಿಷಗಳಿರುವಾಗ, 21 ವರ್ಷದ ಪೈಲಟ್ ರೋಜರ್ ಪೀಟರ್ಸನ್ ಅವರು ನಡೆಸುತ್ತಿದ್ದ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಮೇಲೇರಿತು. ಕೆಲವು ನಿಮಿಷಗಳಲ್ಲಿಯೇ ಅದು ನಿಲ್ದಾಣದ ವಾಯವ್ಯಕ್ಕಿದ್ದ ಒಂದು ಹೊಲದಲ್ಲಿ ಅಪ್ಪಳಿಸಿತು. ನಾಲ್ವರೂ ಸ್ಥಳದಲ್ಲಿಯೇ ಮೃತರಾದರು. ಅವಶೇಷ ಪತ್ತೆಯಾದದ್ದು ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ, ವಿಮಾನದ ಮಾಲೀಕರೇ ಇನ್ನೊಂದು ವಿಮಾನದಲ್ಲಿ ಹುಡುಕಲು ಹೊರಟಾಗ.

ಅಮೆರಿಕದ ನಾಗರಿಕ ವಿಮಾನಯಾನ ಮಂಡಳಿಯು ಸೆಪ್ಟೆಂಬರ್ 1959ರಲ್ಲಿ ತನಿಖಾ ವರದಿಯನ್ನು ಪ್ರಕಟಿಸಿತು. ಹೊರಗೆ ಏನೂ ಕಾಣದ ಸ್ಥಿತಿಯಲ್ಲಿ ಉಪಕರಣಗಳನ್ನಷ್ಟೇ ನೋಡಿ ವಿಮಾನ ನಡೆಸುವ ಅರ್ಹತಾಪತ್ರ ಪೈಲಟ್‌ಗೆ ಇರಲಿಲ್ಲ. ಅಂತಹ ಸ್ಥಿತಿಯಲ್ಲಿ ಹಾರಾಟ ಕೈಗೊಂಡದ್ದೇ ಸಂಭವನೀಯ ಕಾರಣವೆಂದು ಮಂಡಳಿ ನಿರ್ಣಯಿಸಿತು. ವಿಮಾನದ ವಾಲಿಕೆಯನ್ನು ತೋರಿಸುವ ಉಪಕರಣದ ಬಗೆ ಅವರಿಗೆ ಪರಿಚಿತವಲ್ಲದ್ದೂ, ಹವಾಮಾನದ ಪೂರ್ಣ ಮಾಹಿತಿ ಅವರಿಗೆ ದೊರೆಯದಿದ್ದುದೂ ಇತರ ಕಾರಣಗಳೆಂದು ಹೇಳಿತು.

ದುರಂತದ ನಂತರ

ಮರಿಯಾ ಎಲೆನಾ ಅವರಿಗೆ ಪತಿಯ ಮರಣದ ಸುದ್ದಿ ತಿಳಿದದ್ದು ದೂರದರ್ಶನದ ವಾರ್ತೆಯಿಂದ. ಆ ಆಘಾತದ ಬೆನ್ನಲ್ಲೇ ಅವರಿಗೆ ಗರ್ಭಪಾತವಾಯಿತು. ಫೆಬ್ರವರಿ 7ರಂದು ಲಬಕ್‌ನ ಟ್ಯಾಬರ್ನೇಕಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಸಮಾಧಿಯ ಕಲ್ಲಿನ ಮೇಲೆ ಅವರ ಗಿಟಾರಿನ ಆಕೃತಿಯಿದೆ. ಒಪ್ಪಂದ ಪತ್ರದಲ್ಲಿ ಬಿಟ್ಟುಹೋಗಿದ್ದ ಅಕ್ಷರವನ್ನು ಸೇರಿಸಿ, ಮನೆತನದ ಹೆಸರನ್ನು ಅಲ್ಲಿ ಸರಿಯಾಗಿ ಕೆತ್ತಲಾಗಿದೆ.

ಪ್ರವಾಸ ಮಾತ್ರ ನಿಲ್ಲಲಿಲ್ಲ. ಅಪಘಾತ ನಡೆದ ದಿನದ ರಾತ್ರಿಯೇ ಮೂರ್‌ಹೆಡ್‌ನಲ್ಲಿ ಪ್ರದರ್ಶನ ನಡೆಯಿತು. ತೆರವಾದ ಸ್ಥಾನವನ್ನು ತುಂಬಲು ಸಮೀಪದ ಫಾರ್ಗೊ ನಗರದ 15 ವರ್ಷದ ಬಾಬಿ ವೀ ಮತ್ತು ಅವರ ಗೆಳೆಯರು ವೇದಿಕೆ ಹತ್ತಿದರು. ಮುಖ್ಯ ಗಾಯಕರು ಹಾಡಲಿಲ್ಲವೆಂಬ ಕಾರಣಕ್ಕೆ ತಮ್ಮ ಸಂಭಾವನೆಯಲ್ಲಿ ಕಡಿತ ಮಾಡಲು ಯತ್ನಿಸಲಾಯಿತೆಂದು ಜೆನಿಂಗ್ಸ್ ನೆನಪಿಸಿಕೊಂಡಿದ್ದಾರೆ. ಬದಲಿ ಗಾಯಕರೊಂದಿಗೆ ಪ್ರವಾಸವು ಫೆಬ್ರವರಿ 15ರವರೆಗೂ ಮುಂದುವರಿಯಿತು.

ಸಂಗೀತದ ವೈಶಿಷ್ಟ್ಯ

ಹಾಡನ್ನು ಬರೆಯುವುದು, ರಾಗ ಸಂಯೋಜಿಸುವುದು, ಹಾಡುವುದು, ನುಡಿಸುವುದು ಬೇರೆಬೇರೆಯವರ ಕೆಲಸವಾಗಿದ್ದ ಕಾಲದಲ್ಲಿ ಹಾಲಿಯವರು ಅವೆಲ್ಲವನ್ನೂ ತಾವೇ ಮಾಡಿದರು. ಎರಡು ಗಿಟಾರ್, ಬಾಸ್ ಮತ್ತು ಡ್ರಮ್ಸ್ ಎಂಬ ಅವರ ತಂಡದ ರಚನೆ ಮುಂದಿನ ರಾಕ್ ತಂಡಗಳಿಗೆ ಮಾದರಿಯಾಯಿತು. ಒಂದೇ ಪದವನ್ನು ಹಲವು ತುಣುಕುಗಳಾಗಿ ಒಡೆದು, ಬಿಕ್ಕಳಿಸಿದಂತೆ ಹಾಡುವ ರೀತಿ ಅವರ ಗುರುತಾಗಿತ್ತು. ಕ್ಲೋವಿಸ್‌ನಲ್ಲಿ ಡ್ರಮ್ಸ್ ಬದಲು ತೊಡೆಯನ್ನು ತಟ್ಟಿ, ರಟ್ಟಿನ ಪೆಟ್ಟಿಗೆಯನ್ನು ಬಡಿದು ತಾಳ ಒದಗಿಸಿದ ಹಾಡುಗಳೂ ಇವೆ. ತಮ್ಮದೇ ದನಿಯ ಮೇಲೆ ತಮ್ಮದೇ ದನಿಯನ್ನು ಮತ್ತೊಮ್ಮೆ ಮುದ್ರಿಸುವ ತಂತ್ರವನ್ನೂ ಅವರು ಬಳಸಿದರು.

ಪ್ರಭಾವ ಮತ್ತು ಸ್ಮರಣೆ

ಮರಣಾನಂತರ, 1959ರ ಏಪ್ರಿಲ್‌ನಲ್ಲಿ, ತಂತಿವಾದ್ಯಗಳೊಂದಿಗೆ ಮುದ್ರಿಸಿದ್ದ ಹಾಡುಗಳಲ್ಲೊಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಲೆನನ್ ಮತ್ತು ಮೆಕಾರ್ಟ್ನಿ ತಮ್ಮ ಹದಿಹರೆಯದಲ್ಲಿ ಮಾಡಿದ ಮೊದಲ ಧ್ವನಿಮುದ್ರಣ ಹಾಲಿಯವರದೇ ಹಾಡು. ಕೀಟದ ಹೆಸರುಳ್ಳ ಕ್ರಿಕೆಟ್ಸ್ ತಂಡದಿಂದ ಪ್ರೇರಣೆ ಪಡೆದೇ ಅವರು ತಮ್ಮ ತಂಡಕ್ಕೆ ಬೀಟಲ್ಸ್ ಎಂಬ ಹೆಸರನ್ನು ಆರಿಸಿದರು. ರೋಲಿಂಗ್ ಸ್ಟೋನ್ಸ್ 1964ರಲ್ಲಿ ಹಾಲಿಯವರ ಹಾಡೊಂದನ್ನು ಹಾಡಿ ಯಶಸ್ಸು ಕಂಡಿತು. 1971ರಲ್ಲಿ ಬಂದ ಡಾನ್ ಮೆಕ್ಲೀನ್ ಅವರ 'ಅಮೆರಿಕನ್ ಪೈ' ಎಂಬ ದೀರ್ಘ ಗೀತೆ ಆ ದುರಂತದ ನೆನಪನ್ನು ಮುಂದಿನ ಪೀಳಿಗೆಗೆ ದಾಟಿಸಿತು. ಹಾಲಿಯವರ ಜೀವನವನ್ನು ಆಧರಿಸಿದ ಚಲನಚಿತ್ರ 1978ರಲ್ಲಿ ಬಿಡುಗಡೆಯಾಯಿತು. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆರಿಸಿದ ಮೊದಲ ಕಲಾವಿದರಲ್ಲಿ ಹಾಲಿಯವರೂ ಒಬ್ಬರು.

ಸರ್ಫ್ ಬಾಲ್‌ರೂಮ್ ಇಂದಿಗೂ ಬಳಕೆಯಲ್ಲಿದ್ದು, 2021ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು. ಪ್ರತಿವರ್ಷ ಫೆಬ್ರವರಿ ಮೊದಲ ವಾರದ ಆಸುಪಾಸಿನಲ್ಲಿ ಅಲ್ಲಿ ಸ್ಮರಣಾರ್ಥ ಸಂಗೀತ ಕಾರ್ಯಕ್ರಮ ನಡೆಯುತ್ತದೆ. ಅಪಘಾತವಾದ ಹೊಲದಲ್ಲಿ 1988ರಲ್ಲಿ ಗಿಟಾರ್ ಮತ್ತು ಮೂರು ಗ್ರಾಮಫೋನ್ ತಟ್ಟೆಗಳ ಆಕಾರದ ಉಕ್ಕಿನ ಸ್ಮಾರಕವನ್ನು ನಿಲ್ಲಿಸಲಾಯಿತು.

ಅಪಘಾತದಲ್ಲಿ ಕಳೆದುಹೋಗಿದ್ದ ಹಾಲಿಯವರ ಕನ್ನಡಕ ಹಿಮ ಕರಗಿದ ಮೇಲೆ, ಅದೇ ವರ್ಷದ ವಸಂತದಲ್ಲಿ ಸಿಕ್ಕಿತ್ತು. ಅದನ್ನು ಲಕೋಟೆಯೊಂದರಲ್ಲಿ ಹಾಕಿ ಮೇಸನ್ ಸಿಟಿಯ ಸರ್ಕಾರಿ ಕಚೇರಿಯಲ್ಲಿ ಇರಿಸಿ, ಬಳಿಕ ಎಲ್ಲರೂ ಮರೆತಿದ್ದರು. 1980ರಲ್ಲಿ ಅದು ಮತ್ತೆ ಬೆಳಕಿಗೆ ಬಂದು ಪತ್ನಿಯ ಕೈಸೇರಿತು. ಆ ಕನ್ನಡಕ ಈಗ ಲಬಕ್ ನಗರದಲ್ಲಿರುವ ಬಡ್ಡಿ ಹಾಲಿ ಕೇಂದ್ರದ ಸಂಗ್ರಹದಲ್ಲಿದೆ.